ಕೋಳಿಯ ಮೂಳೆಯ ಬಳಿ ಕೆಂಪಗಿದ್ದರೆ ಅದು ಹಸಿಯೇ?

ಪ್ರಶ್ನೆ: ಗಂಡನ ಕೆಲಸದ ನಿಮಿತ್ತ ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಗೆ ಬಂದು ಏಳು ತಿಂಗಳಾಯಿತು. ನಮ್ಮೂರು ಚನ್ನಗಿರಿಯ ಹತ್ತಿರ. ಕೋಳಿ, ಕುರಿ, ಮೀನು ತಿನ್ನುತ್ತೇವೆ. ದನ, ಹಂದಿ ತಿನ್ನುವುದಿಲ್ಲ. ಎರಡು ವಾರದ ಹಿಂದೆ ಗಂಡನ ಸಹೋದ್ಯೋಗಿಯೊಬ್ಬರು ಭಾನುವಾರದ ಶುರಾಸ್ಕೊ ಊಟಕ್ಕೆ ಕರೆದಿದ್ದರು. ದನದ ಮಾಂಸದ ದೊಡ್ಡ ದೊಡ್ಡ ತುಂಡುಗಳಿಗೆ ಬರೀ ಕಲ್ಲುಪ್ಪು ಹಚ್ಚಿ ಕೆಂಡದ ಮೇಲೆ ಇಟ್ಟರು. ಹೊರಗೆ ಕಂದು, ಒಳಗೆ ಕೆಂಪು. ಕೊಯ್ದರೆ ಹಲಗೆಯ ತುಂಬ ಕೆಂಪು ನೀರು. ಎಲ್ಲರೂ ಸಂತೋಷದಿಂದ ತಿಂದರು. ಅದೇ ಕೆಂಡದ ಮೇಲೆ ನಮಗಾಗಿ ಕೋಳಿ ತೊಡೆ, ಕೋಳಿ ಗುಂಡಿಗೆಯನ್ನೂ ಸುಟ್ಟರು. ಆರು ವರ್ಷದ ಮಗ ತಿಂದ ತೊಡೆಯ ಮೂಳೆಯ ಬಳಿ ಕೆಂಪಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅರಿಸಿನ, ಮೊಸರು ಏನೂ ಹಚ್ಚದೆ ಸುಟ್ಟ ಕೋಳಿ ತಿನ್ನಬಹುದೇ? ಮೇಲಿನ ದನದ ಮಾಂಸದ ಕೊಬ್ಬು ನಮ್ಮ ಕೋಳಿಯ ಮೇಲೆ ತೊಟ್ಟಿಕ್ಕಿರಬಹುದೇ? ಇಲ್ಲಿನ ಕೋಳಿಗೆ ಹಾರ್ಮೋನ್ ಕೊಡುತ್ತಾರೆ ಎಂದು ಊರಿನಿಂದ ಅತ್ತೆಯವರು ಎಚ್ಚರಿಸುತ್ತಿದ್ದಾರೆ. ಮುಂದಿನ ತಿಂಗಳು ನಾವು ಆ ಸಹೋದ್ಯೋಗಿಯ ಮನೆಯವರನ್ನು ಊಟಕ್ಕೆ ಕರೆಯಬೇಕು. ನಮ್ಮ ಬಾಲ್ಕನಿಯಲ್ಲೂ ಇಟ್ಟಿಗೆಯ ಒಲೆ ಇದೆ, ಇದುವರೆಗೆ ಹಚ್ಚಿಲ್ಲ. ದನದ ಮಾಂಸವಿಲ್ಲದೆ ಕರೆದರೆ ಅವರಿಗೆ ಬೇಸರವಾಗುವುದೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಮಗನ ವಿಚಾರ. ಬೇಯದ ಕೋಳಿಯಿಂದ ಹರಡುವ ಮುಖ್ಯ ರೋಗಾಣುಗಳು ಎರಡು, ಸಾಲ್ಮೊನೆಲ್ಲ ಮತ್ತು ಕ್ಯಾಂಪಿಲೊಬ್ಯಾಕ್ಟರ್. ಮೊದಲನೆಯದು ತಿಂದ ಆರೇಳು ಗಂಟೆಯಿಂದ ಆರು ದಿನದೊಳಗೆ ತೊಂದರೆ ಕೊಡುತ್ತದೆ. ಎರಡನೆಯದು ಸಾಮಾನ್ಯವಾಗಿ ಎರಡರಿಂದ ಐದು ದಿನದೊಳಗೆ. ಎರಡು ವಾರ ಕಳೆದಿದೆ, ಹುಡುಗನಿಗೆ ವಾಂತಿ, ಭೇದಿ, ಜ್ವರ ಬಂದ ಮಾತು ನಿಮ್ಮ ಪತ್ರದಲ್ಲಿಲ್ಲ. ಹಾಗಾದರೆ ಆ ಊಟದ ಭಯವನ್ನು ಇಲ್ಲಿಗೆ ಬಿಡಿ.

ಆ ಕೆಂಪಿಗೆ ಕಾರಣ ಹೇಳುತ್ತೇನೆ. ನಾನು ಒಂಬತ್ತು ವರ್ಷ ಬ್ರೆಜಿಲ್‌ನ ದಕ್ಷಿಣದ ಅಡುಗೆಮನೆಗಳಲ್ಲಿ ಕೆಂಡದ ಮುಂದೆ ನಿಂತು ದುಡಿದವನು. ಮೂಳೆಯ ಬಳಿಯ ಕೆಂಪನ್ನು ತೋರಿಸಿ ತಟ್ಟೆ ವಾಪಸು ಕಳಿಸಿದವರನ್ನು ಎಷ್ಟು ಜನರನ್ನು ನೋಡಿದ್ದೇನೋ ಲೆಕ್ಕವಿಲ್ಲ. ಇಂದಿನ ಬ್ರಾಯ್ಲರ್ ಕೋಳಿ ಸುಮಾರು ಆರು ವಾರಕ್ಕೇ ಮಾರುಕಟ್ಟೆಗೆ ಬರುತ್ತದೆ. ಆ ವಯಸ್ಸಿಗೆ ಅದರ ಮೂಳೆ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಬೇಯುವಾಗ, ಅದರಲ್ಲೂ ಮೊದಲು ಫ್ರೀಜರ್‌ನಲ್ಲಿಟ್ಟಿದ್ದರೆ, ಮೂಳೆಯೊಳಗಿನ ಮಜ್ಜೆಯ ಬಣ್ಣ ಸಣ್ಣ ರಂಧ್ರಗಳ ಮೂಲಕ ಹೊರಗೆ ಜಿನುಗಿ ಪಕ್ಕದ ಮಾಂಸಕ್ಕೆ ಹತ್ತಿಕೊಳ್ಳುತ್ತದೆ. ಪೂರ್ತಿ ಬೆಂದ ತೊಡೆಯಲ್ಲೂ ಆ ಕೆಂಪು ಇರಬಹುದು. ಊರಿನಲ್ಲಿ ನಾವು ಕೋಳಿಯನ್ನು ಅರಿಸಿನ, ಕಾರ, ಮಸಾಲೆಯೊಂದಿಗೆ ಬೇಯಿಸುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಬೆತ್ತಲೆ ಮಾಂಸ, ಹಾಗಾಗಿ ಎದ್ದು ಕಾಣುತ್ತದೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಕೆಂಪಿಲ್ಲದ ಮಾತ್ರಕ್ಕೆ ಬೆಂದಿದೆ ಎಂದೂ ಅಲ್ಲ. ಎದೆಯ ಮಾಂಸ ಬೇಯುವ ಮುಂಚೆಯೇ ಬಿಳಿಚಿಕೊಳ್ಳುತ್ತದೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಹೊರಗೆ ಬಂಗಾರದ ಬಣ್ಣಕ್ಕೆ ತಿರುಗಿದ ಒಂದು ಸಲಾಕೆ ಕೋಳಿಯನ್ನು ನೋಡಿದ ಕೂಡಲೇ ಬಡಿಸಲು ಕಳಿಸಿಬಿಟ್ಟಿದ್ದೆ. ಕೆಂಡ ಬಿಸಿಯಾಗಿದ್ದರಿಂದ ಚರ್ಮ ಬೇಗ ಕೆಂಪಾಗಿತ್ತು, ಒಳಗೆ ತಣ್ಣಗಿತ್ತು. ಬಡಿಸುವವನು ಬಾಗಿಲು ದಾಟುವ ಮುಂಚೆ ಹಿರಿಯ ಅಡುಗೆಯವರು ಒಂದು ತುಂಡನ್ನು ಬೆರಳಿನಿಂದ ಒತ್ತಿ ನೋಡಿ ಸಲಾಕೆಯನ್ನೇ ಹಿಂದಕ್ಕೆ ಎಳೆದುಕೊಂಡರು. ಆ ದಿನದಿಂದ ಬಣ್ಣವನ್ನು ನಂಬುವುದು ಬಿಟ್ಟೆ. ನಿಮಗೆ ಬೇಕಾದದ್ದು ಕಡ್ಡಿಯಂತಹ ಒಂದು ಡಿಜಿಟಲ್ ಥರ್ಮಾಮೀಟರ್. ತುಂಡಿನ ಅತಿ ದಪ್ಪ ಭಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಿ. 74 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಕೋಳಿ ಬೆಂದಿದೆ, ಬಣ್ಣ ಏನೇ ಇರಲಿ. ತೊಡೆಯನ್ನು ನಾನು 80ರ ಮೇಲೂ ಬಿಡುತ್ತೇನೆ. ಅದರಲ್ಲಿ ನಾರು ಹೆಚ್ಚು. ಇನ್ನಷ್ಟು ಕಾದರೆ ಮೆತ್ತಗಾಗುತ್ತದೆಯೇ ಹೊರತು ಒಣಗುವುದಿಲ್ಲ. ಎದೆಯ ಮಾಂಸವನ್ನು ಹಾಗೆ ಬಿಟ್ಟರೆ ನಾರಿನ ಹುರಿಯಾಗುತ್ತದೆ.

ಹಾಗಾದರೆ ಒಳಗೆ ಕೆಂಪಗಿದ್ದ ಆ ದನದ ಮಾಂಸ ತಿಂದವರಿಗೆ ಏನೂ ಆಗಲಿಲ್ಲವೇಕೆ ಎಂಬ ಪ್ರಶ್ನೆ ನಿಮ್ಮ ಪತ್ರದಲ್ಲಿ ಅಡಗಿದೆ. ನೀವು ತಿನ್ನದಿದ್ದರೂ ಇದನ್ನು ತಿಳಿದಿರುವುದು ಒಳ್ಳೆಯದು. ಕೋಳಿಯ ವಿಷಯ ಸ್ಪಷ್ಟವಾಗುವುದು ಇದರಿಂದಲೇ. ಹಲಗೆಯ ಮೇಲೆ ಹರಿದದ್ದು ರಕ್ತವಲ್ಲ. ರಕ್ತ ಕಸಾಯಿಖಾನೆಯಲ್ಲೇ ಹೋಗಿರುತ್ತದೆ. ಸ್ನಾಯುವಿನಲ್ಲಿರುವ ಮಯೊಗ್ಲೋಬಿನ್ ಎಂಬ ಪ್ರೋಟೀನು ನೀರಿನೊಂದಿಗೆ ಸೇರಿ ಕೆಂಪಾಗಿ ಕಾಣುತ್ತದೆ. ಇಡಿಯ ತುಂಡಿನಲ್ಲಿ ರೋಗಾಣುಗಳಿರುವುದು ಹೆಚ್ಚಾಗಿ ಹೊರಮೈಯಲ್ಲಿ, ಕತ್ತಿ ಮತ್ತು ಕೈ ತಾಗಿದ ಕಡೆ. ಹೊರಮೈ ಚೆನ್ನಾಗಿ ಸುಟ್ಟರೆ ಅವು ಸಾಯುತ್ತವೆ. ಅದೇ ಮಾಂಸವನ್ನು ಕೈಮಾ ಮಾಡಿದರೆ ಹೊರಗಿನದ್ದೆಲ್ಲ ಒಳಗೆ ಸೇರಿಬಿಡುತ್ತದೆ, ಆಗ ಪೂರ್ತಿ ಬೇಯಿಸಲೇಬೇಕು. ಕೋಳಿಗೆ ಈ ವಿನಾಯಿತಿ ಇಲ್ಲ. ಅದನ್ನು ಚರ್ಮಸಮೇತ, ಗರಿ ಕಿತ್ತು, ಒಟ್ಟಿಗೆ ತೊಳೆದು ತಣಿಸುತ್ತಾರೆ. ಗರಿಯ ಬುಡದ ರಂಧ್ರಗಳಲ್ಲಿ, ಕೀಲುಗಳ ಸಂದಿಯಲ್ಲಿ ರೋಗಾಣುಗಳು ಅಡಗಿ ಕುಳಿತಿರುತ್ತವೆ. ಅರೆಬೆಂದ ದನದ ಮಾಂಸವನ್ನು ಬಡಿಸುವ ಬ್ರೆಜಿಲಿಗರೂ ಅರೆಬೆಂದ ಕೋಳಿಯನ್ನು ಬಡಿಸುವುದಿಲ್ಲ.

ಬರೀ ಉಪ್ಪಿನ ವಿಚಾರಕ್ಕೆ ಬರುತ್ತೇನೆ. ಇದನ್ನು ನೋಡಿ ನಮ್ಮವರು ಅಡುಗೆ ಬಾರದವರ ಅಡುಗೆ ಎಂದುಕೊಳ್ಳುವುದುಂಟು. ನನಗೂ ಮೊದಲು ಹಾಗೇ ಅನ್ನಿಸಿತ್ತು. ನೀವಿರುವ ರಿಯೊ ಗ್ರಾಂಡೆ ದೊ ಸುಲ್ ರಾಜ್ಯವೇ ಈ ಊಟದ ತವರು. 17ನೇ ಶತಮಾನದಲ್ಲಿ ಜೆಸ್ಯೂಟ್ ಪಾದ್ರಿಗಳು ಅಲ್ಲಿನ ಹುಲ್ಲುಗಾವಲಿಗೆ ದನ ತಂದರು. ಮಂದೆಗಳು ಚದುರಿ, ಕಾಡುದನಗಳಾಗಿ ಬೆಳೆದವು. ಚರ್ಮಕ್ಕೂ ಕೊಬ್ಬಿಗೂ ಬೆಲೆಯಿತ್ತು, ಮಾಂಸ ಮಿಕ್ಕುತ್ತಿತ್ತು. ಕುದುರೆಯ ಮೇಲೆ ದನ ಕಾಯುವ ಗೌಶೋಗಳು ನೆಲದಲ್ಲಿ ಬೆಂಕಿ ಮಾಡಿ, ಹಸಿ ಕೋಲಿಗೆ ಪಕ್ಕೆಲುಬನ್ನು ಚುಚ್ಚಿ ಬೆಂಕಿಯ ಸುತ್ತ ನೆಟ್ಟು ಸುಟ್ಟರು. ಆ ಬಯಲಿನಲ್ಲಿ ಅವರ ಬಳಿ ಇದ್ದ ಮಸಾಲೆ ಉಪ್ಪೊಂದೇ. 1780ರ ಸುಮಾರಿಗೆ ಪೆಲೋಟಾಸ್ ಊರಿನಲ್ಲಿ ಮಾಂಸಕ್ಕೆ ಉಪ್ಪು ಹಾಕಿ ಒಣಗಿಸುವ ದೊಡ್ಡ ಉದ್ಯಮವೇ ಎದ್ದಿತು. ಆ ಉಪ್ಪಿನ ರಾಶಿಗಳ ನಡುವೆ ದುಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಈ ಊಟದ ಕತೆ ಹೇಳುವಾಗ ಅವರನ್ನು ಬಿಟ್ಟು ಹೇಳಬಾರದು. 2003ರಲ್ಲಿ ಆ ರಾಜ್ಯ ಶುರಾಸ್ಕೊವನ್ನು ತನ್ನ ವಿಶಿಷ್ಟ ಖಾದ್ಯವೆಂದು ಕಾನೂನಿನಲ್ಲೇ ಬರೆದುಕೊಂಡಿತು.

ಅಲ್ಲಿನ ಉಪ್ಪು ನಮ್ಮ ಕಲ್ಲುಪ್ಪಿನಂಥದ್ದೇ, ಅವರು ಸಾಲ್ ಗ್ರೋಸು ಎನ್ನುತ್ತಾರೆ. ದಪ್ಪ ತುಂಡಿನ ಮೇಲೆ ಅದು ನಿಧಾನವಾಗಿ ಕರಗುತ್ತದೆ, ಮಾಂಸ ತನಗೆ ಬೇಕಾದಷ್ಟನ್ನು ಹೀರಿಕೊಳ್ಳುತ್ತದೆ. ಬೆಂದ ಮೇಲೆ ಚಾಕುವಿನ ಬೆನ್ನಿನಿಂದ ಸಲಾಕೆಯನ್ನು ಟಕ್ ಟಕ್ ಎಂದು ತಟ್ಟಿ ಮಿಕ್ಕ ಹರಳುಗಳನ್ನು ಕೆಂಡಕ್ಕೆ ಉದುರಿಸುತ್ತಾರೆ. ಕೆಂಡದಲ್ಲಿ ಉಪ್ಪು ಚಟಪಟ ಸಿಡಿಯುವ ಆ ಸದ್ದು ಕೇಳಿದರೆ ಅಂಗಳದಲ್ಲಿರುವ ಮಕ್ಕಳು ತಟ್ಟೆ ಹಿಡಿದು ಓಡಿ ಬರುತ್ತಾರೆ. ಕೋಳಿಯ ತುಂಡು ತೆಳು, ಕಲ್ಲುಪ್ಪು ಕರಗುವಷ್ಟು ಹೊತ್ತು ಅದಕ್ಕೆ ಇರುವುದಿಲ್ಲ. ಹಾಗಾಗಿ ಅವರೂ ಕೋಳಿಗೆ ಪುಡಿಯುಪ್ಪು, ನಿಂಬೆ, ಬೆಳ್ಳುಳ್ಳಿ ಹಚ್ಚಿ ನೆನೆಸುತ್ತಾರೆ. ನಿಮ್ಮ ಆತಿಥೇಯರ ಕೋಳಿಯೂ ಹಿಂದಿನ ರಾತ್ರಿಯೇ ನೆನೆದಿರಬೇಕು. ಬಣ್ಣ ಬರುವಂಥದ್ದು ಏನೂ ಇಲ್ಲದ್ದರಿಂದ ನಿಮಗೆ ತಿಳಿದಿಲ್ಲ.

ಅರಿಸಿನ, ಮೊಸರು ಹಚ್ಚದಿದ್ದರೆ ಅಪಾಯವೇ? ಇಲ್ಲ. ಅರಿಸಿನಕ್ಕೆ ರೋಗಾಣು ತಡೆಯುವ ಗುಣ ಸ್ವಲ್ಪ ಇರಬಹುದು, ಆದರೆ ಕೋಳಿಯನ್ನು ಸುರಕ್ಷಿತ ಮಾಡುವಷ್ಟು ಅಲ್ಲ. ನಿಂಬೆ, ವಿನಿಗರ್, ಮೊಸರಿಗೂ ಇದೇ ಮಾತು. ಅವು ರುಚಿ ಕೊಡುತ್ತವೆ, ಮೆತ್ತಗೆ ಮಾಡುತ್ತವೆ. ರೋಗಾಣುವನ್ನು ಕೊಲ್ಲುವುದು ಬಿಸಿ. ಜೊತೆಗೆ ಒಂದು ಬೇಡಿಕೆ. ಅರಿಸಿನದ ನೀರಿನಲ್ಲಿ ಮೂರು ಸಲ ಕೋಳಿ ತೊಳೆಯುವುದು ನಮ್ಮ ಮನೆಗಳ ಶುಚಿತ್ವದ ಗುರುತು, ನನ್ನ ತಾಯಿಯೂ ಹಾಗೇ ಮಾಡುತ್ತಿದ್ದರು. ಸಂತೆಯಲ್ಲಿ ಕೊಯ್ದ ಕೋಳಿಗೆ ಗರಿ, ಮಣ್ಣು ಅಂಟಿರುತ್ತಿದ್ದಾಗ ಅದಕ್ಕೆ ಅರ್ಥವಿತ್ತು. ಅಂಗಡಿಯ ಪ್ಯಾಕೆಟ್ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆದರೆ ಹನಿಗಳು ಸಿಡಿದು ಸಿಂಕು, ಕಟ್ಟೆ, ಪಕ್ಕದಲ್ಲಿಟ್ಟ ಸೌತೆಕಾಯಿಗೆಲ್ಲ ರೋಗಾಣು ಹತ್ತುತ್ತದೆ. ಕಾಗದದಿಂದ ಒತ್ತಿ ಒರೆಸಿ, ಕಾಗದವನ್ನು ಬಿಸಾಡಿ, ಕೈ ಸೋಪಿನಿಂದ ತೊಳೆದುಕೊಳ್ಳಿ, ಸಾಕು.

ಇನ್ನು ಒಂದೇ ಕೆಂಡದ ವಿಚಾರ. ಇಲ್ಲಿ ನಾನು ನಿಮಗೆ ಸಮಾಧಾನದ ಸುಳ್ಳು ಹೇಳುವುದಿಲ್ಲ. ಅಲ್ಲಿನ ಇಟ್ಟಿಗೆಯ ಒಲೆಯಲ್ಲಿ ಸಲಾಕೆ ಇಡಲು ಸಾಮಾನ್ಯವಾಗಿ ಎರಡು ಮೂರು ಅಂತಸ್ತುಗಳಿರುತ್ತವೆ. ಪಕ್ಕೆಲುಬಿನಂಥ ನಿಧಾನಕ್ಕೆ ಬೇಯುವ ದೊಡ್ಡ ತುಂಡು ಮೇಲೆ, ಬೇಗ ಬೇಯುವಂಥದ್ದು ಕೆಳಗೆ. ಕೋಳಿ ಕೆಳಗಿತ್ತು, ಮೇಲೆ ದನದ ಮಾಂಸವಿತ್ತು ಎಂದರೆ ಕೊಬ್ಬು ತೊಟ್ಟಿಕ್ಕಿರುವ ಸಾಧ್ಯತೆ ಇದ್ದೇ ಇದೆ. ಆರೋಗ್ಯಕ್ಕೆ ಅದರಿಂದ ಹಾನಿಯಿಲ್ಲ. ನಿಮ್ಮ ಆಚಾರಕ್ಕೆ ಅದು ಎಷ್ಟು ದೊಡ್ಡದು ಎಂದು ತೀರ್ಮಾನಿಸಬೇಕಾದವರು ನೀವು ಮತ್ತು ನಿಮ್ಮ ಮನೆಯವರು, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ದಾರಿಗಳನ್ನಷ್ಟೇ ಹೇಳಬಲ್ಲೆ.

ಅತ್ಯಂತ ಸುಲಭದ ದಾರಿ, ಮೊದಲ ಸುತ್ತನ್ನು ಕೇಳಿ ಪಡೆಯುವುದು. ಶುರಾಸ್ಕೊದಲ್ಲಿ ಕೋಳಿ ಗುಂಡಿಗೆ, ರೆಕ್ಕೆ, ಸಾಸೇಜು ಮೊದಲು ಬರುವುದೇ ರೂಢಿ. ದೊಡ್ಡ ತುಂಡುಗಳು ಆಮೇಲೆ. ಎರಡು ದಿನ ಮುಂಚೆ ಹೇಳಿದರೆ, ತೊಳೆದ ಸಲಾಕೆಗಳಲ್ಲಿ ಕೋಳಿಯನ್ನು ಒಂಟಿಯಾಗಿ ಮೊದಲು ಸುಟ್ಟುಕೊಡುತ್ತಾರೆ. ಪಕ್ಕೆಲುಬು ಬೆಳಗಿನಿಂದಲೇ ಮೇಲೆ ಕುಳಿತಿದ್ದರೆ ಕೋಳಿಯನ್ನು ಒಲೆಯ ಇನ್ನೊಂದು ತುದಿಯಲ್ಲಿ, ಮೇಲೆ ಏನೂ ಇಲ್ಲದ ಕಡೆ ಇಡಿಸಿ. ನಮ್ಮ ಕೋಳಿಯನ್ನೇ ಎಲ್ಲಕ್ಕಿಂತ ಮೇಲಿಡಿ ಎಂದು ಮಾತ್ರ ಕೇಳಬೇಡಿ. ಹಸಿ ಕೋಳಿಯ ನೀರು ಅವರ ಬೆಂದ ಮಾಂಸದ ಮೇಲೆ ಬಿದ್ದರೆ ಆಗ ಅಪಾಯ ಅವರಿಗೆ. ಕೆಂಡಕ್ಕಿಂತ ಹೆಚ್ಚು ಬೆರಕೆಯಾಗುವುದು ಕೊಯ್ಯುವ ಹಲಗೆಯಲ್ಲಿ. ಒಂದೇ ಮರದ ಹಲಗೆ, ಒಂದೇ ಚಾಕು, ಎಲ್ಲರೂ ಅದರಿಂದಲೇ ತುಂಡು ಎತ್ತಿಕೊಳ್ಳುವುದು ಅಲ್ಲಿನ ಪ್ರೀತಿಯ ರೀತಿ. ನಿಮ್ಮದೊಂದು ಸಣ್ಣ ಹಲಗೆ, ಚಾಕು ತೆಗೆದುಕೊಂಡು ಹೋಗಿ, ಕಾರಣ ಹೇಳಿ. ಯಾರೂ ತಪ್ಪು ತಿಳಿಯುವುದಿಲ್ಲ.

ಸಲಾಕೆ ಹಿಡಿದು ಮೇಜಿನಿಂದ ಮೇಜಿಗೆ ಬಂದು ಕೊಯ್ದು ಬಡಿಸುವ ರೋಡಿಜಿಯೊ ಹೋಟೆಲುಗಳಲ್ಲಿ ಈ ಅನುಕೂಲವಿಲ್ಲ. ಬಡಿಸುವವನ ಚಾಕು ಒಂದೇ, ಹತ್ತು ಬಗೆಯ ಮಾಂಸಕ್ಕೆ ಅದೇ ಆಡುತ್ತದೆ. ಅಲ್ಲಿ ಹೋಗಲೇಬೇಕಾದರೆ ಚಾಕು ತಾಗದೆ ಸಲಾಕೆಯಿಂದ ಜಾರಿ ತಟ್ಟೆಗೆ ಬೀಳುವ ಗುಂಡಿಗೆ, ರೆಕ್ಕೆಯ ತುಂಡುಗಳನ್ನು ಕೇಳಿ. ಕುಪಿಂ ಎಂದು ಹೇಳಿ ತಂದರೆ ಬೇಡವೆನ್ನಿ. ಅದು ಎತ್ತಿನ ಹೆಗಲ ಮೇಲಿನ ಡುಬ್ಬ. ಅದರ ಹಿಂದೆ ನಮ್ಮ ನೆರೆಯ ಕತೆಯೂ ಇದೆ. ಬ್ರೆಜಿಲ್‌ನ ಮಾಂಸದ ದನಗಳಲ್ಲಿ ಬಹುಪಾಲು ನೆಲೋರೆ ತಳಿ, ಅಂದರೆ ಆಂಧ್ರದ ನೆಲ್ಲೂರು, ಒಂಗೋಲು ಸೀಮೆಯಿಂದ ಹಡಗಿನಲ್ಲಿ ಹೋದ ಬಿಳಿ ಎತ್ತುಗಳ ಸಂತತಿ. ಯುರೋಪಿನ ದನಕ್ಕೆ ಡುಬ್ಬವೇ ಇಲ್ಲ.

ಹಂದಿಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು, ಅದು ಹೇಳದೆ ಬರುತ್ತದೆ. ಮರಗೆಣಸಿನ ಹಿಟ್ಟನ್ನು ಬೆಣ್ಣೆಯಲ್ಲಿ ಹುರಿದ ಫರೋಫಾದಲ್ಲಿ ಬೇಕನ್ ಚೂರುಗಳಿರುವುದು ಸಾಮಾನ್ಯ. ಕೋಳಿಯ ಎದೆಯ ತುಂಡಿಗೆ ಬೇಕನ್ ಸುತ್ತಿ ಸುಡುವುದೂ ಉಂಟು. ಕೋಳಿ ಲಿಂಗ್ವಿಸಾ, ಅಂದರೆ ಕೋಳಿ ಸಾಸೇಜು ಎಂದು ನಂಬಿ ತಿನ್ನಬೇಡಿ. ಒಳಗೆ ಕೋಳಿಯಿದ್ದರೂ ಮೇಲಿನ ಪೊರೆ ಹಂದಿಯ ಕರುಳಿನದ್ದಾಗಿರಬಹುದು, ಪ್ಯಾಕೆಟ್ಟಿನ ಹಿಂದೆ ಓದಿ. ನಮ್ಮವರು ಎಡವುವ ಇನ್ನೊಂದು ಕಡೆ ಭಾಷೆ. ಅಲ್ಲಿ ಕಾರ್ನಿ ಎಂದರೆ ಮಾಂಸ ಎಂದು ಅರ್ಥವಾದರೂ, ಆಡುಮಾತಿನಲ್ಲಿ ಅದು ದನದ ಮಾಂಸ. ಕಾರ್ನಿ ತಿನ್ನುವುದಿಲ್ಲ ಎಂದರೆ ಕೋಳಿಯನ್ನೋ ಹಂದಿಯ ಹ್ಯಾಮನ್ನೋ ತಂದಿಡುತ್ತಾರೆ. ಹಾಗಾಗಿ ಎರಡನ್ನೂ ಬಿಡಿಸಿ ಹೇಳಿ: ಕಾರ್ನಿ ಜಿ ಗಾಡು, ಅಂದರೆ ದನದ್ದು, ಬೇಡ, ಕಾರ್ನಿ ಜಿ ಪೋರ್ಕು, ಅಂದರೆ ಹಂದಿಯದ್ದು, ಬೇಡ.

ಕೋಳಿ ಗುಂಡಿಗೆಯ ಮಾತೂ ನಿಮ್ಮ ಪತ್ರದಲ್ಲಿದೆ. ನಮ್ಮ ಮನೆಗಳಲ್ಲೂ ಸಾರಿನ ಪಾತ್ರೆಯಿಂದ ಗುಂಡಿಗೆ, ಈಲಿ ಹುಡುಕಿ ಮಕ್ಕಳ ತಟ್ಟೆಗೆ ಹಾಕುತ್ತಿರಲಿಲ್ಲವೇ? ಒಂದು ಕೋಳಿಗೆ ಒಂದೇ ಗುಂಡಿಗೆ, ಅದಕ್ಕೆ ಅಷ್ಟು ಜಗಳ. ಬ್ರೆಜಿಲಿಗರು ಅದನ್ನು ಇಪ್ಪತ್ತರಂತೆ ಸಲಾಕೆಗೆ ಪೋಣಿಸುತ್ತಾರೆ. ಅದು ಶುದ್ಧ ಸ್ನಾಯು, ಕಬ್ಬಿಣದ ಅಂಶವೂ ಬಿ12 ಜೀವಸತ್ವವೂ ಚೆನ್ನಾಗಿವೆ. ಮೇಲಿನ ರಕ್ತನಾಳದ ತುದಿಯನ್ನು ಕತ್ತರಿಸಿ, ಒಳಗೆ ಹೆಪ್ಪುಗಟ್ಟಿದ ರಕ್ತವಿದ್ದರೆ ಹಿಂಡಿ ತೆಗೆದು, ಬೆಳ್ಳುಳ್ಳಿ ಉಪ್ಪಿನಲ್ಲಿ ನೆನೆಸಿದರೆ ಹದಿನೈದು ನಿಮಿಷಕ್ಕೆ ಬೇಯುತ್ತದೆ. ಯೂರಿಕ್ ಆಮ್ಲದ ತೊಂದರೆ ಇರುವವರು, ಕೊಲೆಸ್ಟ್ರಾಲ್ ಬಗ್ಗೆ ವೈದ್ಯರು ಎಚ್ಚರಿಸಿರುವವರು ಮಿತವಾಗಿ ತಿನ್ನಲಿ. ಮಗನಿಗೆ ಕೊಡುವಾಗ ಪ್ರತಿಯೊಂದನ್ನೂ ಉದ್ದಕ್ಕೆ ಎರಡು ಹೋಳು ಮಾಡಿ. ಗುಂಡಗೆ, ಜಾರುವ, ಗಟ್ಟಿಯಾದ ತುಂಡು ಆಟದ ಭರದಲ್ಲಿ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಮೂಳೆಯ ಬಳಿಯ ಕೆಂಪಿಗಿಂತ ನಾನು ಹೆಚ್ಚು ಭಯಪಡುವುದು ಇದಕ್ಕೆ.

ಅತ್ತೆಯವರಿಗೆ ಹೇಳಿ, ಹಾರ್ಮೋನಿನ ಮಾತು ನಿಜವಲ್ಲ. ಇದೇ ಮಾತು ನಮ್ಮ ಊರುಗಳಲ್ಲೂ ಓಡಾಡುತ್ತದೆ. ಕೋಳಿಗೆ ಹಾರ್ಮೋನ್ ಕೊಡುವುದನ್ನು ಬ್ರೆಜಿಲ್‌ನ ಕೃಷಿ ಸಚಿವಾಲಯ 2004ರ ನಿಯಮದಲ್ಲಿ ನಿಷೇಧಿಸಿದೆ. ಎಷ್ಟೋ ಪ್ಯಾಕೆಟ್ಟುಗಳ ಮೇಲೆ ಅದನ್ನು ಬರೆದೂ ಇರುತ್ತಾರೆ. ನಿಯಮವಿಲ್ಲದಿದ್ದರೂ ಅದು ಲಾಭದ ಕೆಲಸವಲ್ಲ. ಬೆಳವಣಿಗೆಯ ಹಾರ್ಮೋನ್ ಪ್ರೋಟೀನು, ಮೇವಿನಲ್ಲಿ ಕೊಟ್ಟರೆ ಜೀರ್ಣವಾಗಿ ಹೋಗುತ್ತದೆ. ಸೂಜಿಯಲ್ಲಿ ಕೊಡಬೇಕೆಂದರೆ ಒಂದೊಂದು ಶೆಡ್ಡಿನಲ್ಲಿರುವ ಸಾವಿರಾರು ಕೋಳಿಗಳನ್ನು ಹಿಡಿದು ಮತ್ತೆ ಮತ್ತೆ ಚುಚ್ಚಬೇಕು. ಕೋಳಿ ಆರು ವಾರಕ್ಕೆ ಬೆಳೆಯುವುದು ಹತ್ತಾರು ವರ್ಷಗಳ ತಳಿ ಆಯ್ಕೆಯಿಂದ, ಮೆಕ್ಕೆಜೋಳ ಮತ್ತು ಸೋಯಾದ ಲೆಕ್ಕ ಹಾಕಿದ ಮೇವಿನಿಂದ. ಚಿಂತಿಸಬೇಕಾದ ವಿಷಯ ಬೇರೊಂದಿದೆ, ಅದು ಆ್ಯಂಟಿಬಯಾಟಿಕ್. ಕೋಳಿ ಬೇಗ ಬೆಳೆಯಲೆಂದು ಅದನ್ನು ಮೇವಿಗೆ ಬೆರೆಸಿದರೆ ಔಷಧಕ್ಕೆ ಬಗ್ಗದ ರೋಗಾಣುಗಳು ಹುಟ್ಟುತ್ತವೆ. ಮನುಷ್ಯರ ಕೊನೆಯ ಅಸ್ತ್ರಗಳಲ್ಲಿ ಒಂದಾದ ಕೊಲಿಸ್ಟಿನ್ ಔಷಧವನ್ನು ಹೀಗೆ ಬಳಸುವುದನ್ನು ಬ್ರೆಜಿಲ್ 2016ರಲ್ಲಿ ನಿಲ್ಲಿಸಿತು, ಭಾರತ 2019ರಲ್ಲಿ. ನೀವು ಮಾಡಬಹುದಾದದ್ದು ಇಷ್ಟು: ಸರ್ಕಾರಿ ತಪಾಸಣೆಯ ಮುದ್ರೆ ಇರುವ ಪ್ಯಾಕೆಟ್ ಕೊಳ್ಳುವುದು, ಚೆನ್ನಾಗಿ ಬೇಯಿಸುವುದು, ಹಸಿ ಕೋಳಿ ತಾಗಿದ ಪಾತ್ರೆಯನ್ನು ಬೇರೆಯಾಗಿಡುವುದು.

ಈಗ ನಿಮ್ಮ ಮನೆಯ ಔತಣ. ದನದ ಮಾಂಸವಿಲ್ಲದಿದ್ದರೆ ಬೇಸರಪಡುವರೇ ಎಂದು ಕೇಳಿದ್ದೀರಿ. ನಿಮ್ಮದೇ ರಾಜ್ಯದಲ್ಲಿ ಅದಿಲ್ಲದ ಎರಡು ದೊಡ್ಡ ಸಂಪ್ರದಾಯಗಳಿವೆ, ಅವನ್ನೇ ಹಿಡಿಯಿರಿ. ಒಂದು ಕುರಿ. ಉರುಗ್ವೆ ಗಡಿಯ ಹುಲ್ಲುಗಾವಲಿನಲ್ಲಿ ಕುರಿಯನ್ನು, ಓವೇಲ್ಯಾವನ್ನು, ಕೆಂಡದಲ್ಲಿ ಸುಡುವುದು ಹಳೆಯ ಪದ್ಧತಿ. ಕುರಿಯ ಪಕ್ಕೆಲುಬು ತಂದರೆ ನಿಮ್ಮ ಅತಿಥಿಗಳ ಮುಖ ಅರಳುತ್ತದೆ.

ಎರಡನೆಯದು ಗಲೆಟೊ, ಅಂದರೆ ಎಳೆಯ ಕೋಳಿ. ಇದರ ಬಗ್ಗೆ ಸ್ವಲ್ಪ ನಿಂತು ಹೇಳುವ ಆಸೆ, ಏಕೆಂದರೆ ಇದು ನನ್ನ ಮೆಚ್ಚಿನ ಅಡುಗೆ. 1875ರಿಂದ ಇಟಲಿಯ ಬಡ ರೈತರು ನಿಮ್ಮ ಊರಿನ ಉತ್ತರದ ಗುಡ್ಡಸೀಮೆಗೆ, ಕಶಿಯಸ್ ದೊ ಸುಲ್ ಸುತ್ತಮುತ್ತ, ಬಂದು ನೆಲೆಸಿದರು. ತಮ್ಮ ನಾಡಿನಲ್ಲಿ ಮಾಡುತ್ತಿದ್ದಂತೆ ಇಲ್ಲಿಯೂ ಸಣ್ಣ ಹಕ್ಕಿಗಳನ್ನು ಹಿಡಿದು ಸಲಾಕೆಗೆ ಪೋಣಿಸಿ ಸುಟ್ಟು ತಿನ್ನುತ್ತಿದ್ದರು. ಹಕ್ಕಿಗಳು ಕಡಿಮೆಯಾದವು, 1967ರ ಕಾನೂನು ಕಾಡುಪ್ರಾಣಿಗಳ ಬೇಟೆಗೆ ಬೇಲಿ ಹಾಕಿತು. ಅಷ್ಟರಲ್ಲೇ ಹಕ್ಕಿಯ ಜಾಗಕ್ಕೆ ಎಳೆಯ ಹುಂಜ ಬಂದಿತ್ತು. ಅದಕ್ಕೆ ಅವರಿಟ್ಟ ಹೆಸರಿನ ಅರ್ಥ ಮೊದಲ ಕೂಗಿನ ಹುಂಜ. ಸುಮಾರು ಒಂದು ತಿಂಗಳ, ಅರ್ಧ ಕಿಲೋ ಆಸುಪಾಸಿನ ಕೋಳಿಯನ್ನು ಸೀಳಿ, ಉಪ್ಪು, ಬೆಳ್ಳುಳ್ಳಿ, ಬಿಳಿ ವೈನ್, ಸಾಲ್ವಿಯಾ (ಇಂಗ್ಲಿಷಿನ ಸೇಜ್) ಸೊಪ್ಪಿನಲ್ಲಿ ನೆನೆಸಿ, ಕೆಂಡದ ಮೇಲೆ ತಿರುವುತ್ತಾ ಬೇಯಿಸುತ್ತಾರೆ. ಜೊತೆಗೆ ಪೊಲೆಂಟಾ. ಮೆಕ್ಕೆಜೋಳದ ಹಿಟ್ಟನ್ನು ನಮ್ಮ ಮುದ್ದೆಯಂತೆಯೇ ಕೋಲಿನಿಂದ ತಿರುವಿ ಬೇಯಿಸಿ, ಆರಿಸಿ, ಹೋಳು ಮಾಡಿ ಕರಿಯುತ್ತಾರೆ. ಮುದ್ದೆ ತಿಂದು ಬೆಳೆದ ನನಗೆ ಆ ಮಡಕೆಯ ವಾಸನೆ ಬಂದ ದಿನ ಕಣ್ಣು ತುಂಬಿತ್ತು. ಊಟಕ್ಕೆ ಇದನ್ನೇ ಬಡಿಸುವ ಗಲೆಟೇರಿಯಾ ಹೋಟೆಲುಗಳು ನಿಮ್ಮ ಊರಿನಲ್ಲೂ ಇವೆ. ಅಲ್ಲಿನ ಕಹಿ ಸೊಪ್ಪಿನ ಸಲಾಡಿಗೆ ಬೇಕನ್ ಹಾಕುತ್ತಾರೆ, ಮೊದಲು ಕೊಡುವ ಸೂಪಿನ ಕಡುಬುಗಳಲ್ಲಿ ಯಾವ ಮಾಂಸವಿದೆ ಎಂದೂ ಕೇಳಿಕೊಳ್ಳಿ. ಮನೆಯಲ್ಲಿ ಒಲೆ ಹಚ್ಚುವ ಮುನ್ನ ಒಮ್ಮೆ ಅಲ್ಲಿಗೆ ಹೋಗಿ ರುಚಿ ನೋಡಿ ಬನ್ನಿ.

ಅಂಗಡಿಯಲ್ಲಿ ಗಲೆಟೊ ಸಿಗದಿದ್ದರೆ ತೊಡೆಯ ತುಂಡುಗಳನ್ನು, ಸೋಬ್ರಿಕೋಶಾ ಎನ್ನುವುದನ್ನು ತನ್ನಿ. ಎರಡು ಕಿಲೋ ತೊಡೆಗೆ 30 ಗ್ರಾಂ ಪುಡಿಯುಪ್ಪು, ಎಂಟು ಹತ್ತು ಎಸಳು ಜಜ್ಜಿದ ಬೆಳ್ಳುಳ್ಳಿ, ಎರಡು ನಿಂಬೆಯ ರಸ, ಹತ್ತಾರು ಸಾಲ್ವಿಯಾ ಎಲೆ. ವೈನ್ ಬೇಡವಾದರೆ ಬಿಡಿ. ರಾತ್ರಿಯೆಲ್ಲ ಫ್ರಿಜ್‌ನಲ್ಲಿರಲಿ. ನೆನೆಸಿದ ರಸವನ್ನು ಬೆಂದ ಕೋಳಿಗೆ ಸವರಬೇಡಿ, ಚೆಲ್ಲಿಬಿಡಿ. ನಮ್ಮ ಮಸಾಲೆಯ ಕೋಳಿಯನ್ನೂ ಒಂದು ಸಲಾಕೆ ಮಾಡಿದರೆ ಅತಿಥಿಗಳಿಗೆ ಖುಷಿಯಾಗುತ್ತದೆ. ಆದರೆ ಮೊಸರು, ಕಾರದಪುಡಿ ಬೇಗ ಸೀಯುತ್ತವೆ, ಅದನ್ನು ಕೆಂಡದ ಬಿಸಿ ಸ್ವಲ್ಪ ಇಳಿದ ಮೇಲೆ ಕೊನೆಗೆ ಇಡಿ.

ಒಲೆಯ ವಿಷಯಕ್ಕೆ ಹೊಸಬರು ಮಾಡುವ ತಪ್ಪು ಒಂದೇ, ಅವಸರ. ಮೊದಲು ಕಟ್ಟಡದವರನ್ನು ಕೇಳಿ ಚಿಮಣಿ ತೆರೆದಿದೆಯೇ, ಹೊಗೆ ಮೇಲೆ ಹೋಗುತ್ತದೆಯೇ ನೋಡಿ. ಒಂದು ಕಾಗದ ಹಚ್ಚಿ ಹಿಡಿದರೆ ಗೊತ್ತಾಗುತ್ತದೆ. ಬಾಲ್ಕನಿಗೆ ಗಾಜಿನ ಪರದೆಯಿದ್ದರೆ ಅದು ತೆರೆದೇ ಇರಲಿ. ಉರಿಯುವ ಇದ್ದಿಲಿನಿಂದ ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಹೊರಡುತ್ತದೆ. ಮುಚ್ಚಿದ ಜಾಗದಲ್ಲಿ ಅದು ಜೀವ ತೆಗೆಯುತ್ತದೆ. ಚಳಿಯೆಂದು ಮಿಕ್ಕ ಕೆಂಡವನ್ನು ಒಳಗೆ ಒಯ್ಯಬೇಡಿ. ನಿಮ್ಮ ಕಡೆ ಕರಿ ಅಕೇಶಿಯಾ ಮರದ ಇದ್ದಿಲು ಸುಲಭವಾಗಿ ಸಿಗುತ್ತದೆ, ಅದು ಒಳ್ಳೆಯದು. ಕಿಲೋ ಮಾಂಸಕ್ಕೆ ಕಿಲೋ ಇದ್ದಿಲು ಎಂದು ಲೆಕ್ಕವಿಟ್ಟುಕೊಳ್ಳಿ. ಹಚ್ಚಿದ ಮೇಲೆ ಸುಮಾರು ನಲವತ್ತು ನಿಮಿಷ ಕಾಯಬೇಕು. ಜ್ವಾಲೆ ಇಳಿದು ಇದ್ದಿಲಿನ ಮೇಲೆ ಬೂದಿಯ ತೆಳು ಪದರ ಕೂರುವ ತನಕ ಮಾಂಸ ಇಡಬಾರದು.

ನನಗೆ ಕಲಿಸಿದ ಹಿರಿಯರು ತುಂಡು ಕೂರುವ ಎತ್ತರದಲ್ಲಿ ಅಂಗೈ ಹಿಡಿದು ಮನಸ್ಸಿನಲ್ಲೇ ಎಣಿಸುತ್ತಿದ್ದರು. ಮೂರಕ್ಕೆ ಕೈ ಎಳೆದುಕೊಂಡರೆ ಕೋಳಿಗೆ ಅದು ಹೆಚ್ಚು ಬಿಸಿ. ಆರೇಳರ ತನಕ ತಡೆಯಬಹುದಾದರೆ ಸರಿ. ಅವರ ಮುಂಗೈಯ ಕೂದಲೆಲ್ಲ ಸುಟ್ಟು ಅಂಗೈಯ ಚರ್ಮ ತೊಗಲಿನಂತಾಗಿತ್ತು. ಆರು ಎಂದು ಅವರು ಎಣಿಸುತ್ತಿದ್ದದ್ದು ನನ್ನ ಕೈಗೆ ಮೂರು. ಹಾಗಾಗಿ ನಿಮ್ಮ ಕೈಯಿಂದಲೇ ಎಣಿಸಿ. ತೊಡೆಯನ್ನು ಮೊದಲು ಚರ್ಮ ಮೇಲಿರುವಂತೆ, ಮೂಳೆಯ ಬದಿ ಕೆಂಡದ ಕಡೆಗಿಟ್ಟು ಮೂರನೇ ಎರಡು ಪಾಲು ಹೊತ್ತು ಬಿಡಿ. ಕೊನೆಗೆ ಚರ್ಮವನ್ನು ತಿರುಗಿಸಿ. ಒಟ್ಟು ನಲವತ್ತರಿಂದ ಐವತ್ತು ನಿಮಿಷ. ಕುರಿಯ ಪಕ್ಕೆಲುಬನ್ನು ಅದಕ್ಕೂ ಮುಂಚೆ, ದೂರದ ಬಿಸಿಯಲ್ಲಿ, ಮೂಳೆ ಕೆಳಗಿಟ್ಟು ಒಂದೂವರೆ ಎರಡು ಗಂಟೆ ಬಿಡಬೇಕು.

ಚರ್ಮದ ಕೊಬ್ಬು ಕೆಂಡಕ್ಕೆ ಬಿದ್ದು ಭಗ್ಗೆಂದು ಉರಿ ಎದ್ದರೆ ತುಂಡನ್ನು ಪಕ್ಕಕ್ಕೆ ಸರಿಸಿ, ನೀರು ಸುರಿಯಬೇಡಿ; ಬೂದಿ ಹಾರಿ ಮಾಂಸಕ್ಕೆ ಅಂಟುತ್ತದೆ. ಕರಕಲಾದ ಭಾಗದಲ್ಲಿಯೂ ಕೊಬ್ಬಿನ ಹೊಗೆಯಲ್ಲಿಯೂ ಕ್ಯಾನ್ಸರಿಗೆ ಕಾರಣವಾಗಬಹುದಾದ ಪದಾರ್ಥಗಳು ಉಂಟಾಗುವುದು ನಿಜ. ನಿಂಬೆ, ಬೆಳ್ಳುಳ್ಳಿಯಲ್ಲಿ ನೆನೆಸುವುದು, ಉರಿಯಿಂದ ದೂರವಿಡುವುದು, ಕಪ್ಪಾದದ್ದನ್ನು ಕೆರೆದು ತೆಗೆಯುವುದು ಅವುಗಳನ್ನು ಕಡಿಮೆ ಮಾಡುತ್ತದೆ. ತಿಂಗಳಿಗೊಮ್ಮೆ ಹೀಗೆ ತಿನ್ನುವವರು ಅಂಜಬೇಕಿಲ್ಲ. ವಾರವಾರವೂ ಕರಕಲು ತಿನ್ನುವ ಅಭ್ಯಾಸ ಮಾಡಿಕೊಳ್ಳಬೇಡಿ.

ಉಳಿದದ್ದು ಸುಲಭ. ಹೆಚ್ಚಿದ ಟೊಮೆಟೊ, ಈರುಳ್ಳಿ, ವಿನಿಗರ್ ಕಲಸಿದ ವಿನಗ್ರೇಚಿ ನಮ್ಮ ಕೋಸಂಬರಿಯ ನೆಂಟ. ಬೇಕನ್ ಇಲ್ಲದ ಫರೋಫಾವನ್ನು ನೀವೇ ಹುರಿಯಿರಿ. ಕರಗದ ಕುವಾಲ್ಯು ಚೀಸಿನ ಕಡ್ಡಿಗಳು, ದಾಲ್ಚಿನ್ನಿ ಸಕ್ಕರೆ ಸವರಿ ಸುಟ್ಟ ಅನಾನಸ್ ಇದ್ದರೆ ಮಕ್ಕಳು ಒಲೆಯ ಮುಂದಿನಿಂದ ಏಳುವುದಿಲ್ಲ. ಅಲ್ಲಿ ಅತಿಥಿಗಳೇ ಮಾಂಸ ಹೊತ್ತು ತರುವ ರೂಢಿಯುಂಟು. ಆದ್ದರಿಂದ ಕರೆಯುವ ದಿನವೇ ಹೇಳಿಬಿಡಿ: ನಮ್ಮ ಮನೆಯಲ್ಲಿ ದನ, ಹಂದಿ ಅಡುಗೆ ಮಾಡುವುದಿಲ್ಲ, ಕುರಿ ಮತ್ತು ಗಲೆಟೊ ಇದೆ, ನೀವು ಇದ್ದಿಲನ್ನೋ ಅನಾನಸ್ಸನ್ನೋ ತನ್ನಿ ಎಂದು. ತಡವಾಗಿ ಹೇಳಿದರೆ ಪಿಕಾನ್ಯಾ ಎಂಬ ಒಳ್ಳೆಯ ದನದ ಮಾಂಸದ ತುಂಡನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತವರಿಗೆ ಮುಜುಗರ. ಬಂದವರಲ್ಲಿ ಯಾರಾದರೂ ಸಲಾಕೆ ತಿರುಗಿಸಲು ತಾವಾಗಿಯೇ ಮುಂದೆ ಬರುತ್ತಾರೆ, ಅದು ಖಂಡಿತ. ಸಂಕೋಚವಿಲ್ಲದೆ ಬಿಟ್ಟುಕೊಡಿ. ಅವರು ಉಪ್ಪು ಉದುರಿಸುವುದನ್ನು ಪಕ್ಕದಲ್ಲಿ ನಿಂತು ನೋಡಿ ಕಲಿಯಿರಿ. ಕೋಳಿ ಕೆಂಡದಿಂದ ಇಳಿಯುವ ಮುಂಚೆ ಒಂದು ನಿಮಿಷ ಕೇಳಿಕೊಂಡು ಥರ್ಮಾಮೀಟರ್ ಚುಚ್ಚಿ ನೋಡಿ.